ಫೋನ್ ನಮ್ಮದು, ಕೀಲಿಕೈ ಯಾರದ್ದು?

2019ರ ಮೇ 19. ಭಾನುವಾರ. ಲೋಕಸಭಾ ಚುನಾವಣೆಯ ಕೊನೆಯ ಹಂತದ ಮತದಾನ ಮುಗಿದಿತ್ತು. ಸಂಜೆಯಿಂದ ದೇಶದ ಎಲ್ಲಾ ಚಾನೆಲ್‌ಗಳಲ್ಲೂ ಒಂದೇ ಸುದ್ದಿ, ಎಕ್ಸಿಟ್ ಪೋಲ್. ಯಾರಿಗೆ ಎಷ್ಟು ಸೀಟು, ಯಾರು ಪ್ರಧಾನಿ ಅನ್ನೋ ಗದ್ದಲ. ಅದೇ ದಿನ ರಾಯಿಟರ್ಸ್ ಸುದ್ದಿಸಂಸ್ಥೆ ಇನ್ನೊಂದು ಸುದ್ದಿ ಕೊಟ್ಟಿತ್ತು. ಚೀನಾದ ಹುವಾವೇ ಕಂಪನಿಯ ಜೊತೆಗಿನ ವ್ಯವಹಾರವನ್ನು ಗೂಗಲ್ ನಿಲ್ಲಿಸಿದೆ ಅನ್ನೋ ಸುದ್ದಿ. ಎಕ್ಸಿಟ್ ಪೋಲ್ ಗದ್ದಲದಲ್ಲಿ ಅದು ನಮ್ಮಲ್ಲಿ ಹೆಚ್ಚು ಜನರ ಕಿವಿಗೆ ಬೀಳಲಿಲ್ಲ. ಆದರೆ ನಿಮ್ಮ ಜೇಬಿನಲ್ಲಿರೋ ಫೋನ್ ನಿಜಕ್ಕೂ ಯಾರದ್ದು ಅಂತ ಅರ್ಥ ಮಾಡಿಕೊಳ್ಳಬೇಕಾದರೆ ಆ ಸುದ್ದಿಯಿಂದಲೇ ಶುರು ಮಾಡಬೇಕು.

ಅದಕ್ಕೆ ನಾಲ್ಕು ದಿನ ಮೊದಲು, ಅಂದರೆ ಮೇ 15ಕ್ಕೆ, ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದ್ದರು. ಅದೇ ದಿನ ಅಮೆರಿಕದ ವಾಣಿಜ್ಯ ಇಲಾಖೆ ಹುವಾವೇಯನ್ನು ಕಪ್ಪುಪಟ್ಟಿಗೆ ಸೇರಿಸುವುದಾಗಿ ಹೇಳಿತು. ಇದರ ಅರ್ಥ ಇಷ್ಟೇ. ಸರ್ಕಾರದ ಅನುಮತಿ ಇಲ್ಲದೆ ಅಮೆರಿಕದ ಯಾವ ಕಂಪನಿಯೂ ಹುವಾವೇಗೆ ತನ್ನ ತಂತ್ರಜ್ಞಾನ ಕೊಡುವ ಹಾಗಿಲ್ಲ. ಹುವಾವೇ ಉಪಕರಣಗಳ ಮೂಲಕ ಚೀನಾ ಬೇಹುಗಾರಿಕೆ ಮಾಡಬಹುದು ಅನ್ನೋದು ಅಮೆರಿಕದ ಆರೋಪ. ನಾವು ಅಂಥದ್ದೇನೂ ಮಾಡಿಲ್ಲ ಅನ್ನೋದು ಹುವಾವೇಯ ಉತ್ತರ. ಆ ಜಗಳ ಬೇರೆ. ನಾನು ಕೇಳೋ ಪ್ರಶ್ನೆ ಬೇರೆ.

ಹುವಾವೇ ಸಣ್ಣ ಕಂಪನಿ ಏನಲ್ಲ. 1987ರಲ್ಲಿ ಚೀನಾದ ಶೆನ್‌ಜೆನ್‌ನಲ್ಲಿ ರೆನ್ ಝೆಂಗ್‌ಫೀ ಕಟ್ಟಿದ ಸಂಸ್ಥೆ. ಸ್ವಂತ ಫ್ಯಾಕ್ಟರಿ, ಸ್ವಂತ ಎಂಜಿನಿಯರ್‌ಗಳು, ಸ್ವಂತವಾಗಿ ವಿನ್ಯಾಸ ಮಾಡಿದ ಕಿರಿನ್ ಚಿಪ್. ನಮ್ಮ ಬೆಂಗಳೂರಿನಲ್ಲೇ 1999ರಿಂದ ಇದರ ಸಂಶೋಧನಾ ಕೇಂದ್ರ ಇದೆ, 2015ರಲ್ಲಿ ಅದಕ್ಕೆ ವೈಟ್‌ಫೀಲ್ಡ್ ಕಡೆ ದೊಡ್ಡ ಕ್ಯಾಂಪಸ್ಸೇ ಆಯಿತು. ಇಂಥ ಕಂಪನಿಯನ್ನು ಕ್ಯಾಲಿಫೋರ್ನಿಯಾದಲ್ಲಿ ಕೂತ ಇನ್ನೊಂದು ಕಂಪನಿ ಒಂದೇ ವಾರದಲ್ಲಿ ಮೂಲೆಗೆ ತಳ್ಳೋಕೆ ಆಗಿದ್ದು ಹೇಗೆ?

ಉತ್ತರ ಇರೋದು ಆಪರೇಟಿಂಗ್ ಸಿಸ್ಟಂನಲ್ಲಿ.

ಇದೇನು ಅಂತ ಸರಳವಾಗಿ ಹೇಳ್ತೀನಿ. ನೀವು ವಾಟ್ಸಪ್‌ನಲ್ಲಿ ಕ್ಯಾಮೆರಾ ಗುರುತು ಒತ್ತುತ್ತೀರಿ. ನಿಮ್ಮ ಫೋನಿನ ಕ್ಯಾಮೆರಾ ಯಾವ ಕಂಪನಿಯದ್ದು, ಅದನ್ನು ಆನ್ ಮಾಡೋದು ಹೇಗೆ ಅಂತ ವಾಟ್ಸಪ್‌ಗೆ ಗೊತ್ತಿಲ್ಲ. ಅದು ಆಪರೇಟಿಂಗ್ ಸಿಸ್ಟಂಗೆ ಹೇಳುತ್ತದೆ, ಅಣ್ಣಾ, ಒಂದು ಫೋಟೋ ಬೇಕು ಅಂತ. ಉಳಿದ ಕೆಲಸ ಅದರದ್ದು. ಬ್ಯಾಟರಿ, ನೆಟ್‌ವರ್ಕ್, ಮೆಮೊರಿ, ಪರದೆ ಎಲ್ಲವನ್ನೂ ನೋಡಿಕೊಳ್ಳೋ ಮೇಸ್ತ್ರಿ ಅದು. ಯಾವ ಆ್ಯಪ್ ಒಳಗೆ ಬರಬೇಕು, ಯಾವುದು ಬರಬಾರದು ಅನ್ನೋದೂ ಅದರ ಕೈಯಲ್ಲೇ. ಇವತ್ತು ಜಗತ್ತಿನಲ್ಲಿ ಲೆಕ್ಕಕ್ಕೆ ಬರುವ ಇಂಥ ಮೇಸ್ತ್ರಿಗಳು ಇಬ್ಬರೇ. ಒಂದು ಆ್ಯಪಲ್‌ನ ಐಒಎಸ್, ಅದು ಐಫೋನ್‌ಗೆ ಮಾತ್ರ. ಇನ್ನೊಂದು ಗೂಗಲ್‌ನ ಆಂಡ್ರಾಯ್ಡ್, ಅದು ಹೆಚ್ಚುಕಡಿಮೆ ಉಳಿದ ಎಲ್ಲರಿಗೂ.

ಆಂಡ್ರಾಯ್ಡ್ ಉಚಿತ ಅಲ್ವಾ ಸಾರ್ ಅಂತ ನೀವು ಕೇಳಬಹುದು. ಹೌದು, ಉಚಿತ. ಆದರೆ ಅದರಲ್ಲಿ ಎರಡು ಭಾಗ ಇದೆ. ಮೊದಲನೆಯದು ಮೂಲ ಕೋಡ್. ಅದು ಎಲ್ಲರಿಗೂ ಮುಕ್ತ, ಯಾರು ಬೇಕಾದರೂ ತಗೊಂಡು ಫೋನ್ ಮಾಡಬಹುದು. ಎರಡನೆಯದು ಗೂಗಲ್‌ನ ಸೇವೆಗಳು. ಪ್ಲೇ ಸ್ಟೋರ್, ಯೂಟ್ಯೂಬ್, ಮ್ಯಾಪ್ಸ್, ಜಿಮೇಲ್. ಇವುಗಳ ಹಿಂದೆ ಕಣ್ಣಿಗೆ ಕಾಣದ ಪ್ಲೇ ಸರ್ವಿಸಸ್ ಅನ್ನೋದು ಇದೆ. ನೀವು ಎಲ್ಲಿದ್ದೀರಿ ಅಂತ ಕ್ಯಾಬ್ ಆ್ಯಪ್‌ಗೆ ಹೇಳೋದು, ಮೆಸೇಜ್ ಬಂತು ಅಂತ ನಿಮಗೆ ಸದ್ದು ಮಾಡಿ ತಿಳಿಸೋದು, ನಿಮ್ಮ ಖಾತೆಯ ಲಾಗಿನ್, ಇಂಥ ಎಷ್ಟೋ ಕೆಲಸ ಅದರ ಮೂಲಕ ನಡೆಯುತ್ತೆ. ಈ ಎರಡನೇ ಭಾಗಕ್ಕೆ ಗೂಗಲ್ ಜೊತೆ ಒಪ್ಪಂದ ಬೇಕು. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದರೆ ಸೈಟು ಬಿಟ್ಟಿ, ಕರೆಂಟು ಮತ್ತು ನೀರಿನ ಕನೆಕ್ಷನ್ ಗೂಗಲ್‌ದು. ಮನೆ ಕಟ್ಟಬಹುದು. ಸಂಸಾರ ಮಾಡೋದು ಕಷ್ಟ.

ಹುವಾವೇಗೆ ಆದದ್ದು ಇದೇ. ಸೈಟು ಉಳಿಯಿತು, ಕನೆಕ್ಷನ್ ಹೋಯಿತು. ಹಳೆಯ ಫೋನ್‌ಗಳಿಗೆ ಅಮೆರಿಕ ತಾತ್ಕಾಲಿಕ ವಿನಾಯಿತಿ ಕೊಟ್ಟಿತು. ಆದರೆ ಹೊಸ ಫೋನ್‌ಗಳ ಕಥೆ ಮುಗಿದಿತ್ತು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಹುವಾವೇ ತನ್ನ ಮೇಟ್ 30 ಫೋನ್ ಬಿಡುಗಡೆ ಮಾಡಿತು. ಒಳ್ಳೆಯ ಕ್ಯಾಮೆರಾ, ಒಳ್ಳೆಯ ಪರದೆ, ಒಳ್ಳೆಯ ಚಿಪ್. ಪ್ಲೇ ಸ್ಟೋರ್ ಇಲ್ಲ, ಯೂಟ್ಯೂಬ್ ಇಲ್ಲ, ಗೂಗಲ್ ಮ್ಯಾಪ್ಸ್ ಇಲ್ಲ. ಯುರೋಪಿನ ಗ್ರಾಹಕ ಅದನ್ನು ಯಾಕೆ ಕೊಳ್ಳಬೇಕು?

ಅದಕ್ಕೆ ಒಂದು ತಿಂಗಳು ಮೊದಲು, ಆಗಸ್ಟ್ 9ರಂದು, ಚೀನಾದ ಡೊಂಗ್‌ಗುವಾನ್‌ನಲ್ಲಿ ಹುವಾವೇಯ ರಿಚರ್ಡ್ ಯು ವೇದಿಕೆ ಹತ್ತಿ ಒಂದು ಘೋಷಣೆ ಮಾಡಿದ್ದರು. ನಮ್ಮದೇ ಆಪರೇಟಿಂಗ್ ಸಿಸ್ಟಂ, ಹೆಸರು ಹಾರ್ಮನಿ ಒಎಸ್. ಚೀನೀ ಭಾಷೆಯಲ್ಲಿ ಅದರ ಹೆಸರು ಹಾಂಗ್‌ಮೆಂಗ್. ಸೃಷ್ಟಿಗೂ ಮೊದಲಿನ ಆದಿಸ್ಥಿತಿಗೆ ಅವರ ಪುರಾಣದಲ್ಲಿ ಇರೋ ಹೆಸರು ಅದು. ಹೆಸರು ಭರ್ಜರಿ. ಆದರೆ ಮೊದಲು ಬಂದದ್ದು ಎಲ್ಲಿ ಗೊತ್ತಾ? ಫೋನ್‌ನಲ್ಲಿ ಅಲ್ಲ, ಟಿವಿಯಲ್ಲಿ. ಯಾಕೆಂದರೆ ಟಿವಿಗೆ ಹತ್ತು ಆ್ಯಪ್ ಇದ್ದರೂ ನಡೆಯುತ್ತೆ. ಫೋನ್‌ಗೆ ನಡೆಯಲ್ಲ.

ಇಲ್ಲೇ ಇಡೀ ವಿಷಯದ ಗಂಟು ಇರೋದು. ಆಪರೇಟಿಂಗ್ ಸಿಸ್ಟಂ ಬರೆಯೋದು ಕಷ್ಟದ ಕೆಲಸ, ಆದರೆ ಅಸಾಧ್ಯ ಅಲ್ಲ. ಅಸಾಧ್ಯ ಅನ್ನಿಸೋದು ಅದರ ಮೇಲೆ ಆ್ಯಪ್‌ಗಳನ್ನು ತರೋದು. ಒಂದು ಊರಲ್ಲಿ ಹೊಸ ಟಾಕೀಸ್ ಕಟ್ಟಿದ್ದಾರೆ ಅಂದುಕೊಳ್ಳಿ. ಕುರ್ಚಿ, ಪರದೆ, ಸೌಂಡು ಎಲ್ಲಾ ಫಸ್ಟ್ ಕ್ಲಾಸ್. ಜನ ಬರಲ್ಲ ಅಂತ ವಿತರಕರು ಸಿನಿಮಾ ಕೊಡಲ್ಲ. ಸಿನಿಮಾ ಇಲ್ಲ ಅಂತ ಜನ ಬರಲ್ಲ. ಕೊನೆಗೆ ಟಾಕೀಸ್ ಕಲ್ಯಾಣ ಮಂಟಪ ಆಗುತ್ತೆ.

ಹೀಗೆ ಬಾಗಿಲು ಮುಚ್ಚಿದ ಟಾಕೀಸ್‌ಗಳ ಪಟ್ಟಿ ದೊಡ್ಡದಿದೆ. ನೋಕಿಯಾ ಒಂದು ಕಾಲಕ್ಕೆ ನಮ್ಮ ಮನೆಮನೆಯ ಫೋನ್. ಅದರ ಸಿಂಬಿಯನ್ ಹೊಸ ಕಾಲದ ಆ್ಯಪ್‌ಗಳ ಜೊತೆ ಓಡಲಾಗದೆ ಸೋತಿತು. 2011ರಲ್ಲಿ ನೋಕಿಯಾ ಮೈಕ್ರೋಸಾಫ್ಟ್ ಕೈ ಹಿಡಿಯಿತು. ಮೈಕ್ರೋಸಾಫ್ಟ್ ಅಂದರೆ ಜಗತ್ತಿನ ಕಂಪ್ಯೂಟರ್‌ಗಳಿಗೆ ವಿಂಡೋಸ್ ಕೊಟ್ಟ ಕಂಪನಿ. ಅದರ ವಿಂಡೋಸ್ ಫೋನ್ ಕೂಡ ಉಳಿಯಲಿಲ್ಲ. ಒಂದು ಸರಿಯಾದ ಯೂಟ್ಯೂಬ್ ಆ್ಯಪ್‌ಗಾಗಿ 2013ರಲ್ಲಿ ಅದು ಗೂಗಲ್ ಜೊತೆ ಜಗಳ ಆಡಬೇಕಾಯಿತು. ಬ್ಲ್ಯಾಕ್‌ಬೆರಿ ಅದೇ ವರ್ಷ ಹೊಸ ಸಿಸ್ಟಂ ತಂದು ಕೈಸುಟ್ಟುಕೊಂಡಿತು. ಸ್ಯಾಮ್‌ಸಂಗ್ 2015ರ ಜನವರಿಯಲ್ಲಿ ತನ್ನ ಟೈಜನ್ ಸಿಸ್ಟಂ ಇರುವ ಝಡ್1 ಫೋನನ್ನು ಮೊದಲು ಬಿಟ್ಟದ್ದೇ ಭಾರತದಲ್ಲಿ, 5,700 ರೂಪಾಯಿಗೆ. ಜಗತ್ತಿನ ಅತಿದೊಡ್ಡ ಫೋನ್ ಕಂಪನಿ ಕೂಡ ಆ್ಯಪ್ ಮಾಡೋರನ್ನು ತನ್ನ ಕಡೆ ಎಳೆಯೋಕೆ ಆಗಲಿಲ್ಲ. ಇವತ್ತು ಟೈಜನ್ ಸ್ಯಾಮ್‌ಸಂಗ್ ಟಿವಿಗಳಲ್ಲಿ ಇದೆ, ಫೋನ್‌ಗಳಲ್ಲಿ ಇಲ್ಲ.

ಇವರಲ್ಲಿ ಯಾರಿಗೂ ದುಡ್ಡಿನ ಕೊರತೆ ಇರಲಿಲ್ಲ, ಬುದ್ಧಿಯ ಕೊರತೆಯೂ ಇರಲಿಲ್ಲ. ಹಾಗಾದರೆ ಇವರೆಲ್ಲ ಸೋತ ಜಾಗದಲ್ಲಿ ಹುವಾವೇ ಹೇಗೆ ನಿಂತಿತು? ನಾನು ಮೂರು ಕಾರಣ ಕೊಡ್ತೀನಿ.

ಮೊದಲನೆಯದು, ಚೀನಾದಲ್ಲಿ ಗೂಗಲ್ ಮೊದಲೇ ಇರಲಿಲ್ಲ. ಸೆನ್ಸಾರ್ ಜಗಳದಲ್ಲಿ 2010ರಲ್ಲೇ ಗೂಗಲ್ ತನ್ನ ಹುಡುಕಾಟದ ಸೇವೆಯನ್ನು ಅಲ್ಲಿಂದ ಎತ್ತಿಕೊಂಡು ಹೋಗಿತ್ತು. ಚೀನಾದ ಜನ ಆಂಡ್ರಾಯ್ಡ್ ಫೋನ್ ಬಳಸುತ್ತಿದ್ದರು, ಆದರೆ ಪ್ಲೇ ಸ್ಟೋರ್ ಇಲ್ಲದೆ. ಅವರಿಗೆ ವಾಟ್ಸಪ್ ಬದಲು ವೀಚಾಟ್, ಗೂಗಲ್ ಬದಲು ಬೈದು, ಗೂಗಲ್ ಪೇ ಬದಲು ಅಲಿಪೇ. ಗೂಗಲ್ ಹೋದಾಗ ಮ್ಯೂನಿಕ್‌ನ ಗ್ರಾಹಕನಿಗೆ ಲೋಕವೇ ಮುಳುಗಿತು. ಬೀಜಿಂಗ್‌ನ ಗ್ರಾಹಕನಿಗೆ ಏನೂ ಆಗಲಿಲ್ಲ.

ಎರಡನೆಯದು, ಹುವಾವೇ ಒಂದೇ ದಿನ ಹಗ್ಗ ಕಡಿಯಲಿಲ್ಲ. 2021ರ ಜೂನ್ 2ರಂದು ಹಾರ್ಮನಿ ಫೋನ್‌ಗಳಿಗೆ ಬಂತು. ಇದು ಹೊಸ ಸಿಸ್ಟಮ್ಮಾ, ಆಂಡ್ರಾಯ್ಡ್‌ಗೆ ಬಳಿದ ಹೊಸ ಬಣ್ಣವಾ ಅಂತ ಆಗ ಪರಿಣತರು ಲೇವಡಿ ಮಾಡಿದರು. ಅದರಲ್ಲಿ ನಿಜ ಇತ್ತು. ಆ ಹಾರ್ಮನಿಯ ಒಳಗೆ ಆಂಡ್ರಾಯ್ಡ್‌ನ ಮುಕ್ತ ಕೋಡ್ ಇತ್ತು, ಹಳೆಯ ಆ್ಯಪ್‌ಗಳು ಹಾಗೇ ಓಡುತ್ತಿದ್ದವು. ಆದರೆ ಅದರಿಂದಲೇ ಕೋಟಿಗಟ್ಟಲೆ ಜನ ತೊಂದರೆ ಇಲ್ಲದೆ ಹಾರ್ಮನಿಗೆ ಬಂದರು. ಮೊದಲು ಪ್ರೇಕ್ಷಕರು, ಆಮೇಲೆ ಸಿನಿಮಾ. ಜನ ಸೇರಿದ ಮೇಲೆ, 2024ರ ಅಕ್ಟೋಬರ್ 22ರಂದು, ಹಾರ್ಮನಿ ಒಎಸ್ ನೆಕ್ಸ್ಟ್ ಬಿಡುಗಡೆ ಆಯಿತು. ಅದರಲ್ಲಿ ಆಂಡ್ರಾಯ್ಡ್ ಕೋಡ್ ಇಲ್ಲ. ಆಂಡ್ರಾಯ್ಡ್ ಆ್ಯಪ್ ಅದರಲ್ಲಿ ನೇರವಾಗಿ ಓಡಲ್ಲ. ಹಗ್ಗ ಕಡಿದದ್ದು ಆಗ. ಮೊದಲ ಘೋಷಣೆಯಿಂದ ಅಲ್ಲಿಗೆ ಐದು ವರ್ಷ.

ಮೂರನೆಯದು, ಹುವಾವೇಗೆ ಬೇರೆ ದಾರಿಯೇ ಇರಲಿಲ್ಲ. ಸ್ಯಾಮ್‌ಸಂಗ್‌ಗೆ ಟೈಜನ್ ಸೋತರೆ ಆಂಡ್ರಾಯ್ಡ್ ಇತ್ತು. ಹುವಾವೇಗೆ ಹಾರ್ಮನಿ ಸೋತರೆ ಏನೂ ಇರಲಿಲ್ಲ. ಬೆನ್ನ ಹಿಂದೆ ಬಾವಿ ಇದ್ದವನು ಮುಂದಕ್ಕೇ ಹೋಗಬೇಕು. ಜೊತೆಗೆ ಇದು ದೇಶದ ಮರ್ಯಾದೆ ಪ್ರಶ್ನೆ ಅಂತ ಚೀನಾ ಸರ್ಕಾರವೂ ನಿಂತಿತು, ಅಲ್ಲಿನ ದೊಡ್ಡ ಕಂಪನಿಗಳೂ ನಿಂತವು.

ಹಾಗಂತ ದಾರಿ ಸುಗಮವಾಗಿತ್ತು ಅಂತಲ್ಲ. 2020ರ ಎರಡನೇ ತ್ರೈಮಾಸಿಕದಲ್ಲಿ ಹುವಾವೇ ಸ್ಯಾಮ್‌ಸಂಗ್‌ನ ಹಿಂದೆ ಹಾಕಿ ಜಗತ್ತಿನಲ್ಲೇ ನಂಬರ್ ಒನ್ ಆಗಿತ್ತು. ಅಷ್ಟರಲ್ಲಿ ಅಮೆರಿಕ ಎರಡನೇ ಏಟು ಕೊಟ್ಟಿತು. ಈ ಸಲ ಚಿಪ್‌ಗೆ. ಆ ಸೆಪ್ಟೆಂಬರ್‌ನಿಂದ ತೈವಾನ್‌ನ ಟಿಎಸ್‌ಎಂಸಿ ಹುವಾವೇಗೆ ಚಿಪ್ ಕೊಡೋದು ನಿಂತಿತು. ನವೆಂಬರ್‌ನಲ್ಲಿ ತನ್ನದೇ ಕೂಸಾದ ಹಾನರ್ ಬ್ರ್ಯಾಂಡನ್ನು ಹುವಾವೇ ಮಾರಿತು. 2021ರಲ್ಲಿ ಕಂಪನಿಯ ಆದಾಯ ಸುಮಾರು 29 ಶೇಕಡಾ ಬಿತ್ತು. ಮುಗೀತು ಅಂತ ಎಲ್ಲರೂ ಅಂದುಕೊಂಡಾಗ 2023ರ ಆಗಸ್ಟ್ 29ರಂದು ಸದ್ದಿಲ್ಲದೆ ಮೇಟ್ 60 ಪ್ರೋ ಮಾರಾಟಕ್ಕೆ ಬಂತು. ಒಳಗೆ ಚೀನಾದಲ್ಲೇ ತಯಾರಾದ 7 ನ್ಯಾನೋಮೀಟರ್ ಚಿಪ್. ಅಮೆರಿಕದ ವಾಣಿಜ್ಯ ಸಚಿವೆ ಜಿನಾ ರೈಮಾಂಡೋ ಅದೇ ದಿನಗಳಲ್ಲಿ ಚೀನಾ ಪ್ರವಾಸದಲ್ಲಿದ್ದರು! 2024ರ ಮೊದಲ ಮೂರು ತಿಂಗಳಲ್ಲಿ ಚೀನಾ ಮಾರುಕಟ್ಟೆಯಲ್ಲಿ ಹಾರ್ಮನಿಯ ಪಾಲು 17 ಶೇಕಡಾ, ಐಫೋನ್‌ನ ಐಒಎಸ್ 16 ಶೇಕಡಾ ಅಂತ ಕೌಂಟರ್‌ಪಾಯಿಂಟ್ ಸಂಸ್ಥೆ ಲೆಕ್ಕ ಕೊಟ್ಟಿತು.

ಇಷ್ಟು ಕೇಳಿದ ಮೇಲೆ ಚಪ್ಪಾಳೆ ತಟ್ಟಬೇಕು ಅನ್ನಿಸುತ್ತೆ. ಸ್ವಲ್ಪ ತಾಳಿ. ಜಗತ್ತಿನ ಲೆಕ್ಕ ತೆಗೆದರೆ ಅದೇ ಹಾರ್ಮನಿಯ ಪಾಲು 4 ಶೇಕಡಾ. ಅದರ ಊರು ಚೀನಾ ಮಾತ್ರ. ನೆಕ್ಸ್ಟ್ ಬಂದಾಗ ಅದಕ್ಕೆ 15,000 ಆ್ಯಪ್ ಮತ್ತು ಸೇವೆಗಳಿವೆ ಅಂತ ಹುವಾವೇ ಹೇಳಿತು. ಪ್ಲೇ ಸ್ಟೋರ್‌ನಲ್ಲಿ ಲಕ್ಷಲಕ್ಷ ಇವೆ. ಇನ್ನೂ ಒಂದು ಮಾತು. ಗೂಗಲ್ ಕೈಯಲ್ಲಿದ್ದ ಕೀಲಿಕೈ ಹುವಾವೇ ಕೈಗೆ ಬಂತು, ಸರಿ. ಬಳಸೋನ ಕೈಗೆ ಬಂತಾ? ಇಲ್ಲ. ಯಾವ ಆ್ಯಪ್ ಇರಬೇಕು, ಯಾವ ಸುದ್ದಿ ಓದಬೇಕು ಅನ್ನೋದನ್ನು ಸರ್ಕಾರ ತೀರ್ಮಾನ ಮಾಡೋ ದೇಶದಲ್ಲಿ ಸ್ವದೇಶಿ ಸಿಸ್ಟಂ ಅಂದರೆ ಇನ್ನೂ ಭದ್ರವಾದ ಬೀಗ ಅಂತಲೂ ಅರ್ಥ ಇದೆ. ಬೀಗ ದೇಶದ್ದು ಅಂದ ಮಾತ್ರಕ್ಕೆ ಒಳಗಿರೋನು ಸ್ವತಂತ್ರ ಆಗಲ್ಲ.

ಈಗ ನಮ್ಮ ಮನೆಗೆ ಬರೋಣ.

2023ರ ಜನವರಿಯಲ್ಲಿ ಭಾರ್‌ಒಎಸ್ ಸುದ್ದಿ ಬಂತು ನೆನಪಿದೆಯಾ? ಮದ್ರಾಸ್ ಐಐಟಿಯ ಆಶ್ರಯದಲ್ಲಿ ಬೆಳೆದ ಒಂದು ಕಂಪನಿ ಮಾಡಿದ ಭಾರತೀಯ ಆಪರೇಟಿಂಗ್ ಸಿಸ್ಟಂ. ಕೇಂದ್ರ ಸಚಿವರಾದ ಅಶ್ವಿನಿ ವೈಷ್ಣವ್ ಮತ್ತು ಧರ್ಮೇಂದ್ರ ಪ್ರಧಾನ್ ಅದನ್ನು ಪರೀಕ್ಷೆ ಮಾಡಿ ತೋರಿಸಿದರು. ಆ ವಾರ ನನಗೆ ವೀಕ್ಷಕರಿಂದ ಬಂದ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಸಾರ್, ಇದರಲ್ಲಿ ವಾಟ್ಸಪ್ ಬರುತ್ತಾ? ಕೆಲವರು ಇದನ್ನು ಕೇಳಿ ನಕ್ಕರು. ನಾನು ನಗಲ್ಲ. ಇಡೀ ಆಪರೇಟಿಂಗ್ ಸಿಸ್ಟಂ ಶಾಸ್ತ್ರ ಆ ಒಂದು ಪ್ರಶ್ನೆಯಲ್ಲಿದೆ. ನೋಕಿಯಾ, ಮೈಕ್ರೋಸಾಫ್ಟ್, ಸ್ಯಾಮ್‌ಸಂಗ್ ಎಲ್ಲರೂ ಉತ್ತರ ಕೊಡಲಾಗದೆ ಸೋತ ಪ್ರಶ್ನೆ ಅದು. ಭಾರ್‌ಒಎಸ್ ಕೂಡ ಆಂಡ್ರಾಯ್ಡ್‌ನ ಮುಕ್ತ ಕೋಡ್ ಮೇಲೇ ನಿಂತಿದೆ. ಅದು ತಪ್ಪಲ್ಲ, ಹುವಾವೇ ಕೂಡ ಹಾಗೇ ಶುರು ಮಾಡಿದ್ದು. ಆದರೆ ಸೈಟು ಸಿಕ್ಕಿದ್ದನ್ನು ಗೃಹಪ್ರವೇಶ ಅಂತ ಕರೆಯಬಾರದು.

ನಮಗೇನು ತೊಂದರೆ ಸಾರ್, ನಮ್ಮ ಮೇಲೆ ಯಾರು ನಿರ್ಬಂಧ ಹಾಕ್ತಾರೆ ಅಂತ ನೀವು ಕೇಳಬಹುದು. ಎರಡು ಘಟನೆ ಹೇಳ್ತೀನಿ.

2024ರ ಮಾರ್ಚ್ 1. ಶುಲ್ಕದ ಜಗಳದಲ್ಲಿ ಗೂಗಲ್ ಕೆಲವು ಭಾರತೀಯ ಕಂಪನಿಗಳ ಆ್ಯಪ್‌ಗಳನ್ನು ಪ್ಲೇ ಸ್ಟೋರ್‌ನಿಂದ ತೆಗೆದುಹಾಕಿತು. ಭಾರತ್ ಮ್ಯಾಟ್ರಿಮೋನಿ, ನೌಕ್ರಿಯಂಥ ಮನೆಮಾತಾದ ಹೆಸರುಗಳು. ಒಪ್ಪಂದದ ಶುಲ್ಕ ಕೊಟ್ಟಿಲ್ಲ ಅನ್ನೋದು ಗೂಗಲ್ ವಾದ, ಆ ಶುಲ್ಕವೇ ಅನ್ಯಾಯ ಅನ್ನೋದು ಕಂಪನಿಗಳ ವಾದ. ಕೇಂದ್ರ ಸರ್ಕಾರ ಮಧ್ಯೆ ಬಂದ ಮೇಲೆ ಆ್ಯಪ್‌ಗಳು ವಾಪಸ್ ಬಂದವು. ಅದಕ್ಕೂ ಮೊದಲು, 2022ರ ಅಕ್ಟೋಬರ್‌ನಲ್ಲಿ, ಆಂಡ್ರಾಯ್ಡ್ ವಿಷಯದಲ್ಲಿ ತನ್ನ ಬಲವನ್ನು ದುರುಪಯೋಗ ಮಾಡಿಕೊಂಡಿದೆ ಅಂತ ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತ್ತು.

ಎರಡನೆಯದು 2025ರ ಜುಲೈನದು. ಗುಜರಾತಿನ ವಾಡಿನಾರ್‌ನಲ್ಲಿ ದೊಡ್ಡ ತೈಲ ಶುದ್ಧೀಕರಣ ಘಟಕ ನಡೆಸೋ ನಯಾರಾ ಎನರ್ಜಿ. ಅದರಲ್ಲಿ ರಷ್ಯಾದ ರಾಸ್ನೆಫ್ಟ್ ಪಾಲು ಇದೆ. ಆ ಕಾರಣಕ್ಕೆ ಯುರೋಪಿಯನ್ ಒಕ್ಕೂಟ ಅದರ ಮೇಲೆ ನಿರ್ಬಂಧ ಹಾಕಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ನಯಾರಾದ ಇಮೇಲ್ ಮತ್ತಿತರ ಸೇವೆಗಳನ್ನು ನಿಲ್ಲಿಸಿತು. ದುಡ್ಡು ಕಟ್ಟಿದ ಸೇವೆ, ತಮ್ಮದೇ ಡೇಟಾ, ಆದರೆ ಬಾಗಿಲು ಬಂದ್. ನಯಾರಾ ದೆಹಲಿ ಹೈಕೋರ್ಟಿಗೆ ಹೋಯಿತು. ಆಮೇಲೆ ಸೇವೆ ಮರಳಿತು. ಗಮನಿಸಿ, ಭಾರತ ಸರ್ಕಾರ ಈ ನಿರ್ಬಂಧ ಹಾಕಿರಲಿಲ್ಲ, ಭಾರತದ ಯಾವ ಕೋರ್ಟೂ ಹೇಳಿರಲಿಲ್ಲ. ಸ್ವಿಚ್ಚು ಇದ್ದದ್ದು ಬೇರೆ ಕಡೆ. ಇದು ಫೋನಿನ ವಿಷಯ ಅಲ್ಲ, ಒಪ್ಪುತ್ತೇನೆ. ಆದರೆ ಹುವಾವೇಗೆ ಬಿದ್ದ ಏಟಿನ ಅದೇ ಜಾತಿಯದ್ದು.

ನಮ್ಮ ದೇಶದ ನೂರು ಸ್ಮಾರ್ಟ್‌ಫೋನ್ ತೆಗೆದರೆ ತೊಂಬತ್ತಕ್ಕೂ ಹೆಚ್ಚು ಆಂಡ್ರಾಯ್ಡ್. ಬ್ಯಾಂಕು, ಆಧಾರ್, ರೇಷನ್, ಮಕ್ಕಳ ಪಾಠ, ರೈತನ ಪಹಣಿ, ಎಲ್ಲಾ ಅದರ ಮೇಲೆ ಕೂತಿದೆ. ಚೀನಾಕ್ಕೆ ಗೂಗಲ್ ಮೊದಲೇ ಇರಲಿಲ್ಲ, ಅದಕ್ಕೇ ಅದು ಹೋದಾಗ ಹುವಾವೇ ಬದುಕಿತು. ನಮ್ಮಲ್ಲಿ ಹಾಗಲ್ಲ. ಅದಕ್ಕೇ ಹುವಾವೇಯ ದಾರಿಯನ್ನು ಇಲ್ಲಿ ನಕಲು ಮಾಡೋಕಾಗಲ್ಲ. ಮಾಡಲೂಬಾರದು. ಗೋಡೆ ಕಟ್ಟಿ ಒಳಗೆ ಸ್ವದೇಶಿ ಬೆಳೆಸೋದು ಪ್ರಜಾಪ್ರಭುತ್ವಕ್ಕೆ ಒಪ್ಪೋ ಕೆಲಸ ಅಲ್ಲ.

ಹಾಗಾದರೆ ಕೈಕಟ್ಟಿ ಕೂರಬೇಕಾ? ಬೇಡ. ದಾರಿ ಯಾವುದು ಅಂತ ನಾವೇ ಒಂದು ಸಲ ತೋರಿಸಿದ್ದೇವೆ. ಯುಪಿಐ ನೋಡಿ. ಅದು ಒಂದು ಆ್ಯಪ್ ಅಲ್ಲ, ಒಂದು ರಸ್ತೆ. ರಸ್ತೆ ನಮ್ಮದು, ಅದರ ಮೇಲೆ ಅಮೆರಿಕದ ಗೂಗಲ್ ಪೇನೂ ಓಡುತ್ತೆ, ಬೆಂಗಳೂರಿನ ಫೋನ್‌ಪೇನೂ ಓಡುತ್ತೆ. ನಾಳೆ ಒಂದು ಗಾಡಿ ನಿಂತರೆ ಇನ್ನೊಂದು ಹತ್ತಬಹುದು. 2022ರಲ್ಲಿ ಸಾದಾ ಕೀಪ್ಯಾಡ್ ಫೋನ್‌ಗೂ ಯುಪಿಐ 123ಪೇ ಬಂತು. ಅದಕ್ಕೆ ಆಂಡ್ರಾಯ್ಡೂ ಬೇಡ, ಐಒಎಸ್ಸೂ ಬೇಡ. ಕೀಲಿಕೈ ನಮ್ಮ ಕೈಯಲ್ಲಿರೋದು ಅಂದರೆ ಇದು. ಸರ್ಕಾರದ ಪ್ರತಿಯೊಂದು ಸೇವೆ ಹೀಗಿರಬೇಕು ಅನ್ನೋದು ನನ್ನ ವಾದ. ಪ್ಲೇ ಸ್ಟೋರ್‌ನಿಂದ ಆ್ಯಪ್ ಇಳಿಸಿಕೊಳ್ಳದೆಯೂ, ಸಾದಾ ಬ್ರೌಸರ್‌ನಲ್ಲಿ, ಯಾವ ಫೋನ್‌ನಲ್ಲಾದರೂ ತೆರೆಯಬೇಕು. ಬೀಗ ಯಾರದ್ದೇ ಇರಲಿ, ಹಿಂಬಾಗಿಲು ಒಂದು ಇರಬೇಕು.

ಜಿಯೋಫೋನ್ ಕೂಡ ಒಂದು ಪಾಠ. 2017ರಲ್ಲಿ 1,500 ರೂಪಾಯಿ ಠೇವಣಿಗೆ ಕೊಟ್ಟ ಆ ಫೋನಿನಲ್ಲಿ ಇದ್ದದ್ದು ಆಂಡ್ರಾಯ್ಡ್ ಅಲ್ಲ, ಕೈ ಒಎಸ್ ಅನ್ನೋ ಪುಟ್ಟ ಸಿಸ್ಟಂ. ಜನ ಮುಗಿಬಿದ್ದು ಕೊಂಡರು. ಮಾರನೇ ವರ್ಷ ವಾಟ್ಸಪ್ ತಾನಾಗಿ ಅಲ್ಲಿಗೆ ಬಂತು. ಯಾರೂ ದೇಶಪ್ರೇಮದ ಭಾಷಣ ಮಾಡಲಿಲ್ಲ. ಜನ ಇದ್ದರು, ಅದಕ್ಕೇ ಆ್ಯಪ್ ಬಂತು. ಹೊಸ ಸಿಸ್ಟಂ ಕಟ್ಟೋರು ಹಿಡಿಯಬೇಕಾದ ದಾರಿ ಅದು. ಘೋಷಣೆಗಿಂತ ಮೊದಲು ಗ್ರಾಹಕನಿಗೆ ಏನು ಲಾಭ ಅಂತ ಹೇಳಬೇಕು.

ಕೊನೆಯದಾಗಿ ಒಂದು ಮಾತು, ಇದು ಕನ್ನಡಿಗನಾಗಿ. ಹಳೆಯ ಸ್ಮಾರ್ಟ್‌ಫೋನ್‌ಗಳಲ್ಲಿ ಕನ್ನಡದ ಮೆಸೇಜ್ ಬಂದರೆ ಅಕ್ಷರದ ಬದಲು ಚೌಕ ಚೌಕ ಕಾಣುತ್ತಿತ್ತಲ್ಲ, ನೆನಪು ಮಾಡಿಕೊಳ್ಳಿ. ಫೋನ್ ನಾವು ಕೊಂಡದ್ದು, ದುಡ್ಡು ನಮ್ಮದು, ಭಾಷೆ ನಮ್ಮದು. ಆದರೆ ನಮ್ಮ ಒತ್ತಕ್ಷರ ಪರದೆ ಮೇಲೆ ಸರಿಯಾಗಿ ಮೂಡಬೇಕು ಅಂದರೆ ಎಲ್ಲೋ ದೂರದಲ್ಲಿ ಯಾರೋ ಮನಸ್ಸು ಮಾಡಬೇಕಿತ್ತು. ಮಾಡಿದರು, ಸಂತೋಷ. ಇವತ್ತು ಕನ್ನಡದಲ್ಲಿ ಮಾತಾಡಿದರೆ ಫೋನೇ ಟೈಪ್ ಮಾಡುತ್ತೆ. ಆದರೆ ಅದು ಅವರ ಮನಸ್ಸು, ನಮ್ಮ ಹಕ್ಕಲ್ಲ.

ಹುವಾವೇ ಕೀಲಿಕೈ ಹುಡುಕಿದ್ದು ಬೀಗ ಬಿದ್ದ ಮೇಲೆ. ಅದಕ್ಕೆ ಅದು ಕೊಟ್ಟ ಬೆಲೆ ಐದು ವರ್ಷ, ಜಗತ್ತಿನ ನಂಬರ್ ಒನ್ ಪಟ್ಟ, ಒಂದು ಬ್ರ್ಯಾಂಡು. ನಮ್ಮ ಬಾಗಿಲು ಇನ್ನೂ ತೆರೆದೇ ಇದೆ. ಕೀಲಿಕೈ ಬಗ್ಗೆ ಮಾತಾಡೋಕೆ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ.